ಲೆಕ್ಕಕ್ಕೆ ಸಿಗದ ತೋಳು

ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಇದೆಯೆಂದು ತಿಳಿದಾಗ ಆಕೆಗೆ 57 ವರ್ಷ. ಕಂಪ್ಲಿ ಸಮೀಪದ ಹಳ್ಳಿಯೊಂದರಲ್ಲಿ, ಕಾಲುವೆ ನೀರಿನ ಭತ್ತದ ಗದ್ದೆಗಳ ನಡುವೆ ಬದುಕು ಸಾಗಿಸಿದವಳು. ದೂರದ ನಗರವೊಂದರ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಗಡ್ಡೆ ಪೂರ್ತಿಯಾಗಿ ಹೋಗಿದೆ, ಗಾಯ ಚೆನ್ನಾಗಿ ಮಾಯುತ್ತಿದೆ ಎಂಬ ವೈದ್ಯರ ಭರವಸೆಯೊಂದಿಗೆ ಊರಿಗೆ ಮರಳಿದಳು. ಕೈಗೆ ಕೊಟ್ಟ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯಿತ್ತು, ಮುಂದಿನ ಭೇಟಿಯ ದಿನಾಂಕವಿತ್ತು. ತೋಳಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ನೋಡಲು ಬಂದ ನೆಂಟರಿಷ್ಟರು ಮಾತ್ರ ಆ ಕೈಯನ್ನು ಅಲುಗಾಡಿಸಕೂಡದೆಂದು ಒಕ್ಕೊರಲಿನಿಂದ ಬುದ್ಧಿ ಹೇಳಿ ಹೋದರು. ಅಕ್ಕ ಅದನ್ನು ಶ್ರದ್ಧೆಯಿಂದ ಪಾಲಿಸಿದಳು. ಮೂರು ತಿಂಗಳು ಕಳೆಯುವಷ್ಟರಲ್ಲಿ ತುರುಬು ಕಟ್ಟಿಕೊಳ್ಳಲು, ರವಿಕೆಯ ತೋಳಿಗೆ ಕೈ ತೂರಿಸಲು, ದೇವರ ಗೂಡಿನ ದೀಪ ಮುಟ್ಟಲು ಆಕೆಗೆ ಸೊಸೆಯ ನೆರವು ಬೇಕಾಯಿತು.

ಹೊಸಪೇಟೆಯಲ್ಲಿ ನಿವೃತ್ತ ಜೀವನ ನಡೆಸುತ್ತಿರುವ ನನಗೆ ಓದುವುದಕ್ಕೆ ಬಿಡುವಿದೆ. ಕ್ಯಾನ್ಸರ್ ಇದ್ದದ್ದು ಎದೆಯಲ್ಲಿ, ಸೋತದ್ದು ತೋಳು. ಇದೇಕೆ ಹೀಗೆ ಎಂಬ ಪ್ರಶ್ನೆಯ ಬೆನ್ನು ಹತ್ತಿದಾಗ ಎದುರಾದ ಹೆಸರು ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಸ್ಟುವರ್ಟ್ ಹಾಲ್‌ಸ್ಟೆಡ್. ಆಧುನಿಕ ಶಸ್ತ್ರಚಿಕಿತ್ಸೆಯ ಪಿತಾಮಹರಲ್ಲಿ ಒಬ್ಬನೆಂದು ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಓದುವ ಈತನ ಜೀವನ, ನನ್ನಂತೆ ಅಂಕಿ ಅಂಶಗಳ ನಡುವೆಯೇ ನೌಕರಿ ಕಳೆದವರು ಅವಶ್ಯವಾಗಿ ತಿಳಿಯಬೇಕಾದ ಕಥೆಯೆಂದು ನನಗೆ ಅನ್ನಿಸಿದೆ.

ಹಾಲ್‌ಸ್ಟೆಡ್ ಹುಟ್ಟಿದ್ದು 1852ರ ಸೆಪ್ಟೆಂಬರ್ 23ರಂದು, ನ್ಯೂಯಾರ್ಕಿನ ಶ್ರೀಮಂತ ವರ್ತಕ ಮನೆತನದಲ್ಲಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಆತ ಹೆಸರು ಮಾಡಿದ್ದು ಓದಿನಿಂದಲ್ಲ, ಫುಟ್‌ಬಾಲ್ ತಂಡದ ನಾಯಕನಾಗಿ. ಪದವಿಯ ಕೊನೆಯ ವರ್ಷದಲ್ಲಿ ಅಂಗರಚನಾಶಾಸ್ತ್ರದ ಪುಸ್ತಕವೊಂದು ಕೈಗೆ ಬಂದದ್ದೇ ನೆಪವಾಗಿ ಆತನ ಮನಸ್ಸು ವೈದ್ಯಕೀಯದ ಕಡೆಗೆ ಹೊರಳಿತು. 1877ರಲ್ಲಿ ನ್ಯೂಯಾರ್ಕಿನಲ್ಲೇ ವೈದ್ಯ ಪದವಿ ಪಡೆದು, ಮರುವರ್ಷ ಯೂರೋಪಿಗೆ ತೆರಳಿ, ವಿಯೆನ್ನಾ ಹಾಗೂ ಜರ್ಮನಿಯ ನಗರಗಳಲ್ಲಿ ಅಂದಿನ ಅಗ್ರಗಣ್ಯ ಶಸ್ತ್ರವೈದ್ಯರ ಬಳಿ ಎರಡು ವರ್ಷ ಕಲಿತು 1880ರಲ್ಲಿ ಹಿಂದಿರುಗಿದ. ರೋಗಿಯ ಹಾಸಿಗೆಯ ಬಳಿ ಜ್ವರ, ನಾಡಿ ಮತ್ತು ಉಸಿರಾಟವನ್ನು ಗುರುತಿಸುವ ನಕ್ಷೆಯ ಹಾಳೆ ಇಂದು ಎಲ್ಲ ಆಸ್ಪತ್ರೆಗಳಲ್ಲೂ ಇದೆಯಷ್ಟೆ. ಅದನ್ನು ಬಳಕೆಗೆ ತಂದವರಲ್ಲಿ ತರುಣ ಹಾಲ್‌ಸ್ಟೆಡ್ ಮೊದಲಿಗ. ಅಳೆಯುವುದರಲ್ಲಿ ಆತನಿಗಿದ್ದ ನಂಬಿಕೆಗೆ ಇದೊಂದು ನಿದರ್ಶನ.

ಆತನ ಎದೆಗಾರಿಕೆಯೂ ಅಸಾಧಾರಣವಾಗಿತ್ತು. 1881ರಲ್ಲಿ ಹೆರಿಗೆಯ ನಂತರದ ರಕ್ತಸ್ರಾವದಿಂದ ಸಾವಿನಂಚಿನಲ್ಲಿದ್ದ ತಂಗಿಗೆ ತನ್ನದೇ ರಕ್ತ ತೆಗೆದು ಕೊಟ್ಟು ಬದುಕಿಸಿದ. ರಕ್ತದ ಗುಂಪುಗಳ ಅರಿವೇ ಇಲ್ಲದ ಕಾಲವದು. ಮರುವರ್ಷ ನಡುರಾತ್ರಿಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ ತಾಯಿಯ ಪಿತ್ತಕೋಶವನ್ನು ತೆರೆದು ಕಲ್ಲುಗಳನ್ನು ಹೊರತೆಗೆದ. ಆಕೆಯೂ ಉಳಿದಳು. ಕಣ್ಣೆದುರಿನ ಸಾವನ್ನು ತಡೆಯುವುದಷ್ಟೇ ಮುಖ್ಯ, ಮಿಕ್ಕಿದ್ದೆಲ್ಲ ನಂತರದ್ದು ಎಂಬ ನಿಲುವು ಆತನಲ್ಲಿ ಬೇರೂರಲು ಇಂತಹ ಅನುಭವಗಳೂ ಕಾರಣವಾಗಿದ್ದಿರಬಹುದು.

1884ರಲ್ಲಿ ಕೊಕೇನ್‌ನಿಂದ ಕಣ್ಣನ್ನು ಮರಗಟ್ಟಿಸಬಹುದೆಂಬ ಸುದ್ದಿ ವಿಯೆನ್ನಾದಿಂದ ಬಂತು. ನರವೊಂದಕ್ಕೆ ಅದನ್ನು ಚುಚ್ಚಿದರೆ ಆ ಇಡೀ ಭಾಗವೇ ನೋವು ಕಾಣದಂತಾಗುತ್ತದೆ ಎಂಬುದನ್ನು ಹಾಲ್‌ಸ್ಟೆಡ್ ಮತ್ತು ಆತನ ಸಂಗಡಿಗರು ತಮ್ಮ ಮೈಮೇಲೆಯೇ ಪ್ರಯೋಗ ಮಾಡಿಕೊಂಡು ಕಂಡುಕೊಂಡರು. ಇಂದು ದಂತವೈದ್ಯರು ಕೊಡುವ ಚುಚ್ಚುಮದ್ದಿನ ಮೂಲ ಅಲ್ಲಿದೆ. ಆದರೆ ಪ್ರಯೋಗ ಚಟವಾಯಿತು. ಆತನನ್ನು ಪ್ರಾವಿಡೆನ್ಸ್ ನಗರದ ಬಟ್ಲರ್ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಂದಿನ ಪದ್ಧತಿಯಂತೆ ಕೊಕೇನ್ ಬಿಡಿಸಲು ಮಾರ್ಫಿನ್ ಕೊಡಲಾಯಿತು. ಮಾರ್ಫಿನ್ ಆತನನ್ನು ಬಹುಕಾಲ ಬಿಡಲಿಲ್ಲ. ಸಹೋದ್ಯೋಗಿ ವಿಲಿಯಂ ಆಸ್ಲರ್ ಇದನ್ನು ಗುಪ್ತವಾಗಿ ಬರೆದಿಟ್ಟಿದ್ದು, ಆ ಬರಹ ಬೆಳಕು ಕಂಡದ್ದು 1969ರಲ್ಲಿ.

ಮುಗಿದೇ ಹೋಯಿತೆನ್ನಲಾದ ಆ ಬದುಕಿಗೆ ಆಸರೆಯಾದವನು ಗೆಳೆಯ ವಿಲಿಯಂ ವೆಲ್ಚ್. 1886ರ ಕೊನೆಯಲ್ಲಿ ಬಾಲ್ಟಿಮೋರ್‌ಗೆ ಕರೆಸಿಕೊಂಡು ತನ್ನ ಪ್ರಯೋಗಾಲಯದಲ್ಲಿ ಕೆಲಸ ಕೊಟ್ಟ. 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಆರಂಭವಾದಾಗ ಹಾಲ್‌ಸ್ಟೆಡ್ ಅಲ್ಲಿನ ಶಸ್ತ್ರವೈದ್ಯನಾದ, 1892ರಲ್ಲಿ ಪ್ರಾಧ್ಯಾಪಕನಾದ. ನ್ಯೂಯಾರ್ಕಿನ ಚುರುಕು ತರುಣ ಈಗ ಮಿತಭಾಷಿಯಾಗಿದ್ದ, ನಿಧಾನಗಾರನಾಗಿದ್ದ. ಅಂಗಾಂಶಗಳನ್ನು ಮೃದುವಾಗಿ ಮುಟ್ಟಬೇಕು, ರಕ್ತ ಸೋರಗೊಡಬಾರದು, ಸಣ್ಣ ರೇಷ್ಮೆ ದಾರದಿಂದ ಹೊಲಿಯಬೇಕು ಎಂಬ ಆತನ ಶಿಸ್ತು ಒಂದು ಪರಂಪರೆಯೇ ಆಯಿತು. ಹಾರ್ವಿ ಕುಷಿಂಗ್, ವಾಲ್ಟರ್ ಡ್ಯಾಂಡಿ ಮೊದಲಾದವರು ಆತನ ಗರಡಿಯಲ್ಲಿ ಪಳಗಿದವರು. ವೈದ್ಯರನ್ನು ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಇರಿಸಿಕೊಂಡು ಹಂತಹಂತವಾಗಿ ಹೊಣೆ ವಹಿಸಿ ತಯಾರು ಮಾಡುವ ಕ್ರಮವನ್ನು ಶಸ್ತ್ರಚಿಕಿತ್ಸೆಯಲ್ಲಿ ನೆಲೆಗೊಳಿಸಿದವನೂ ಆತನೇ.

ಅದೇ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ದಾದಿಯಿದ್ದಳು. ಕ್ರಿಮಿನಾಶಕವಾಗಿ ಬಳಸುತ್ತಿದ್ದ ಪಾದರಸದ ದ್ರಾವಣದಿಂದ ಆಕೆಯ ಕೈಯ ಚರ್ಮ ಸುಲಿದು ಹುಣ್ಣಾಗುತ್ತಿತ್ತು. ಹಾಲ್‌ಸ್ಟೆಡ್ ಆಕೆಯ ಕೈಗಳ ಅಚ್ಚು ತೆಗೆಸಿ, ತೆಳುವಾದ ಕೈಗವಸುಗಳನ್ನು ಗುಡ್‌ಇಯರ್ ರಬ್ಬರ್ ಕಂಪನಿಯಿಂದ ಮಾಡಿಸಿಕೊಟ್ಟ. 1890ರ ಜೂನ್‌ನಲ್ಲಿ ಅವರಿಬ್ಬರ ವಿವಾಹವಾಯಿತು. ಒಬ್ಬಳ ಕೈಗಳನ್ನು ಕಾಪಾಡಲು ಹುಟ್ಟಿದ ಆ ಗವಸು, ಮುಂದೆ ಶಿಷ್ಯ ಜೋಸೆಫ್ ಬ್ಲಡ್‌ಗುಡ್‌ನ ಒತ್ತಾಯದಿಂದ ಎಲ್ಲ ಶಸ್ತ್ರವೈದ್ಯರ ಕೈ ಸೇರಿ, ಗಾಯದ ಸೋಂಕಿನಿಂದ ಅಸಂಖ್ಯ ಜನರನ್ನು ಉಳಿಸಿತು. ಹೆಣ್ಣೊಬ್ಬಳ ಕೈಯ ನೋವನ್ನು ಇಷ್ಟು ಸೂಕ್ಷ್ಮವಾಗಿ ಗಮನಿಸಿದ ಮನುಷ್ಯ, ತನ್ನ ಅತಿ ಪ್ರಸಿದ್ಧ ಶಸ್ತ್ರಕ್ರಿಯೆಯಲ್ಲಿ ಸಾವಿರಾರು ಹೆಂಗಸರ ತೋಳನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂಬುದೇ ನನ್ನನ್ನು ಕಾಡಿದ ಸಂಗತಿ.

ಆ ಕಾಲದಲ್ಲಿ ಸ್ತನ ಕ್ಯಾನ್ಸರ್ ರೋಗಿಗಳು ವೈದ್ಯರ ಬಳಿ ಬರುತ್ತಿದ್ದುದೇ ಗಡ್ಡೆ ದೊಡ್ಡದಾಗಿ, ಹಲವೊಮ್ಮೆ ಒಡೆದು ಹುಣ್ಣಾದ ಮೇಲೆ. ಸ್ತನವನ್ನಷ್ಟೇ ತೆಗೆದರೆ ಅದೇ ಜಾಗದಲ್ಲಿ ರೋಗ ಮತ್ತೆ ಮರುಕಳಿಸುತ್ತಿತ್ತು. ಕ್ಯಾನ್ಸರ್ ಬಾವಲಿಯಂತೆ ಹಾರಿಹೋಗುವುದಿಲ್ಲ, ಬೇರಿನಂತೆ ಸುತ್ತಲೂ ಹರಡುತ್ತದೆ. ಆದ್ದರಿಂದ ಬೇರುಸಹಿತ ಕಿತ್ತರೆ ಗುಣವಾಗುತ್ತದೆ ಎಂಬುದು ಹಾಲ್‌ಸ್ಟೆಡ್ ಒಪ್ಪಿಕೊಂಡಿದ್ದ ಸಿದ್ಧಾಂತ. ಆತ ಸ್ತನವನ್ನೂ, ಅದರ ಕೆಳಗಿನ ಎದೆಯ ಸ್ನಾಯುವನ್ನೂ, ಕಂಕುಳಿನ ದುಗ್ಧಗ್ರಂಥಿಗಳನ್ನೂ ಒಂದೇ ತುಂಡಾಗಿ ತೆಗೆಯತೊಡಗಿದ. 1894ರಲ್ಲಿ ಪ್ರಕಟಿಸಿದ ಲೇಖನದಲ್ಲಿ 50 ರೋಗಿಗಳ ವಿವರವಿತ್ತು. ಯೂರೋಪಿನ ಹೆಸರಾಂತ ಶಸ್ತ್ರವೈದ್ಯರ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಅದೇ ಜಾಗದಲ್ಲಿ ರೋಗ ಮರುಕಳಿಸುತ್ತಿದ್ದಾಗ, ಹಾಲ್‌ಸ್ಟೆಡ್‌ನ ಲೆಕ್ಕದಲ್ಲಿ ಹಾಗಾದದ್ದು ಕೇವಲ ಮೂವರಿಗೆ, ಅಂದರೆ ಶೇ 6ರಷ್ಟು ಮಂದಿಗೆ. ಜಗತ್ತಿನ ಶಸ್ತ್ರವೈದ್ಯರು ಬೆರಗಾದರು. ಮುಂದಿನ ಸುಮಾರು 80 ವರ್ಷ ಈ ಶಸ್ತ್ರಕ್ರಿಯೆಯೇ ಪ್ರಮಾಣವಾಯಿತು.

ಅದರ ಬೆಲೆ ತೆತ್ತದ್ದು ತೋಳು. ಎದೆಯ ಮೇಲಿನ ದೊಡ್ಡ ಸ್ನಾಯು ತೋಳನ್ನು ಮೈಯತ್ತ ಎಳೆಯುತ್ತದೆ, ಮುಂದಕ್ಕೆ ತಳ್ಳುತ್ತದೆ, ಒಳಕ್ಕೆ ತಿರುಗಿಸುತ್ತದೆ. ಬೀಸುವುದು, ಒನೆಯುವುದು, ನಾದುವುದು, ಹಗ್ಗ ಜಗ್ಗುವುದು, ಎಲ್ಲದರಲ್ಲೂ ಅದರ ಪಾಲಿದೆ. ಅದಿಲ್ಲದಿದ್ದರೆ ಪಕ್ಕೆಲುಬಿನ ಮೇಲೆ ಬರೀ ಚರ್ಮ ಉಳಿಯುತ್ತದೆ. ಗಾಯ ಒಣಗಿದಂತೆ ಚರ್ಮ ಬಿಗಿದು ಭುಜವನ್ನು ಮುಂದಕ್ಕೆ ಎಳೆಯುತ್ತದೆ. ನೋವಿಗೆ ಹೆದರಿ ಕೈ ಎತ್ತದಿದ್ದರೆ ಕೀಲು ಇನ್ನಷ್ಟು ಬಿಗಿಯುತ್ತದೆ. ಕಂಕುಳಿನ ಗ್ರಂಥಿಗಳು ಹೋದ ಮೇಲೆ ದುಗ್ಧರಸ ಹರಿದುಹೋಗಲು ದಾರಿ ಕಡಿಮೆಯಾಗಿ ತೋಳು ಊದಿಕೊಳ್ಳುವುದೂ ಉಂಟು.

ಹಾಲ್‌ಸ್ಟೆಡ್‌ಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಅದೇ 1894ರ ಲೇಖನದಲ್ಲಿ ಆತ ಇದರ ಬಗ್ಗೆ ತನ್ನ ತರ್ಕವನ್ನು ಮುಂದಿಟ್ಟಿದ್ದಾನೆ. ಜೀವದ ಎದುರು ತೋಳಿನ ಊನ, ಅದೆಷ್ಟೇ ಇರಲಿ, ಅಲ್ಪ ವಿಷಯ. ಅಲ್ಲದೆ ಈ ರೋಗಿಗಳ ಸರಾಸರಿ ವಯಸ್ಸು 55ರ ಹತ್ತಿರ. ಸಮಾಜದಲ್ಲಿ ಅವರು ಈಗ ಅಷ್ಟೇನೂ ಚಟುವಟಿಕೆಯಿಂದ ಇರುವವರಲ್ಲ ಎಂಬುದು ಆ ತರ್ಕದ ಸಾರ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸೀಮೆಯ 55ರ ಹೆಂಗಸರು. ಕಂಪ್ಲಿಯ ಗದ್ದೆಗಳಲ್ಲಿ ಬಾಗಿ ಸಸಿ ನೆಡುವ ಸಾಲಿನಲ್ಲಿ ಅವರಿದ್ದಾರೆ. ಕಮಲಾಪುರದ ಬಾಳೆ ತೋಟಗಳಲ್ಲಿ, ಹೊಸಪೇಟೆಯ ತರಕಾರಿ ಮಾರುಕಟ್ಟೆಯಲ್ಲಿ ಅವರಿದ್ದಾರೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಕನ್ನಡಿ ಚೂರುಗಳನ್ನು ಬಟ್ಟೆಗೆ ಕೂರಿಸುವ ಕೈಗಳಲ್ಲಿ ಎಷ್ಟೋ ಕೈಗಳು ಅದೇ ವಯಸ್ಸಿನವು. ಸೂಜಿ ಹಗುರವಾದದ್ದೇ ಇರಬಹುದು. ಆದರೆ ದಾರವೆಳೆಯಲು ಭುಜ ಪ್ರತಿ ಹೊಲಿಗೆಗೂ ಹೊರಕ್ಕೆ ಚಾಚಬೇಕು. ಹಾಗೆ ನೋಡಿದರೆ ಬಾಲ್ಟಿಮೋರಿನ ಆ 50 ಹೆಂಗಸರೂ ಸುಮ್ಮನೆ ಕುಳಿತವರಾಗಿರಲಾರರು. ಮನೆಯೊಳಗಿನ ದುಡಿಮೆ ಉತ್ಪಾದನೆಯ ಲೆಕ್ಕಕ್ಕೆ ಬರುವುದಿಲ್ಲವೆಂದು ಅರ್ಥಶಾಸ್ತ್ರದ ತರಗತಿಯಲ್ಲಿ ನಾನೂ ಕಲಿತಿದ್ದೆ. ಹಾಲ್‌ಸ್ಟೆಡ್ ಮಾಡಿದ ತಪ್ಪು ಅದಕ್ಕಿಂತ ಬೇರೆಯದೇನಲ್ಲ.

ನನ್ನ ಸೇವಾವಧಿಯ ಬಹುಭಾಗ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಕಳೆಯಿತು. ಭೌತಿಕ ಗುರಿ, ಆರ್ಥಿಕ ಗುರಿ, ಸಾಧನೆ ಎಂಬ ಕಲಮುಗಳುಳ್ಳ ತಖ್ತೆಗಳನ್ನು ತುಂಬಿಸಿದ್ದೇನೆ, ತುಂಬದವರನ್ನು ಗದರಿದ್ದೇನೆ. ಕಟ್ಟಿದ ಮನೆಗಳ ಸಂಖ್ಯೆ ಅಲ್ಲಿರುತ್ತಿತ್ತು, ಅವುಗಳಲ್ಲಿ ಜನ ವಾಸವಾಗಿದ್ದಾರೆಯೇ ಎಂಬುದಿರುತ್ತಿರಲಿಲ್ಲ. ಕೊರೆದ ಕೊಳವೆಬಾವಿಗಳಿರುತ್ತಿದ್ದವು, ನೀರು ಬರುತ್ತಿದೆಯೇ ಎಂಬುದಕ್ಕೆ ಕಲಮಿರಲಿಲ್ಲ. ಹಾಲ್‌ಸ್ಟೆಡ್‌ನ ತಖ್ತೆಯೂ ಹಾಗೆಯೇ. ರೋಗ ಮರುಕಳಿಸಿತೇ ಎಂಬುದೊಂದೇ ಅದರ ಮುಖ್ಯ ಕಲಮು. ಆ ಕಲಮಿನಲ್ಲಿ ಆತ ಅಪ್ರತಿಮ ಸಾಧಕ. ಯಾವುದಕ್ಕೆ ಕಲಮಿಲ್ಲವೋ ಅದು ಕ್ರಮೇಣ ಕಣ್ಣಿಗೂ ಕಾಣದಂತಾಗುತ್ತದೆ.

ಆದರೂ ಆತನಿಗೆ ಅನ್ಯಾಯವಾಗುವಂತೆ ಬರೆಯಬಾರದು. ವಿಕಿರಣ ಚಿಕಿತ್ಸೆಯಾಗಲಿ ಕ್ಯಾನ್ಸರ್ ಔಷಧಗಳಾಗಲಿ ಇಲ್ಲದ ದಿನಗಳಲ್ಲಿ, ಹುಣ್ಣಾಗಿ ಕೊಳೆಯುವ ಎದೆಯ ನರಕಯಾತನೆಯಿಂದ ಆತ ಅನೇಕರನ್ನು ಪಾರುಮಾಡಿದ. ವಯಸ್ಸಾದಂತೆ ತೋಳಿನ ಕಡೆಗೂ ಆತನ ಗಮನ ಹರಿಯಿತು. ಕೈ ಸರಾಗವಾಗಿ ಆಡುವಂತೆ ಕಂಕುಳಿನ ಚರ್ಮವನ್ನು ಹೇಗೆ ಕೂಡಿಸಬೇಕು, ಎಲ್ಲಿ ಕಸಿ ಮಾಡಬೇಕು ಎಂದು ಯೋಚಿಸಿದ. 1921ರಲ್ಲಿ, ತನ್ನ ಸಾವಿಗೆ ಒಂದು ವರ್ಷ ಮುಂಚೆ, ಸ್ತನ ಶಸ್ತ್ರಕ್ರಿಯೆಯ ನಂತರದ ತೋಳಿನ ಊತದ ಬಗ್ಗೆಯೇ ಒಂದು ಲೇಖನ ಬರೆದ. ಆನೆಕಾಲು ರೋಗದ ಹೆಸರನ್ನೇ ಈ ಊತಕ್ಕೂ ಇಟ್ಟು, ಇದು ಶಸ್ತ್ರಕ್ರಿಯೆಯಿಂದ ಉಂಟಾಗುವ ಆನೆಕೈ ಎಂದು ಗುರುತಿಸಿದ. ತನ್ನ ಕತ್ತಿಯ ಪರಿಣಾಮಕ್ಕೆ ತಾನೇ ಹೆಸರಿಟ್ಟ ಆ ಪ್ರಾಮಾಣಿಕತೆ ಗೌರವಕ್ಕೆ ಪಾತ್ರವಾದದ್ದು. ಆದರೆ ಅಷ್ಟು ಹೊತ್ತಿಗೆ ಶಿಷ್ಯರೂ ಪ್ರಶಿಷ್ಯರೂ ಆ ವಿಧಾನವನ್ನು ಶಾಸನದಂತೆ ಪಾಲಿಸುತ್ತಿದ್ದರು. 1922ರ ಸೆಪ್ಟೆಂಬರ್ 7ರಂದು, ಪಿತ್ತನಾಳದ ಕಲ್ಲಿಗಾಗಿ ತನ್ನ ಶಿಷ್ಯರಿಂದಲೇ ಶಸ್ತ್ರಚಿಕಿತ್ಸೆಗೆ ಒಳಗಾದ ನಂತರದ ತೊಂದರೆಗಳಿಂದ ಹಾಲ್‌ಸ್ಟೆಡ್ ತೀರಿಕೊಂಡ. ಮಕ್ಕಳಿರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಕ್ಯಾರೊಲಿನ್ ಕೂಡ ಹೋದಳು.

ತೋಳಿಗೆ ಕಲಮು ತೆರೆದದ್ದು ವೈದ್ಯರಲ್ಲ, ರೋಗಿಯೊಬ್ಬಳು. ನ್ಯೂಯಾರ್ಕಿನ ಟೆರೀಸ್ ಲ್ಯಾಸರ್‌ಗೆ 1952ರಲ್ಲಿ ಹಾಲ್‌ಸ್ಟೆಡ್ ವಿಧಾನದ ಶಸ್ತ್ರಕ್ರಿಯೆಯಾಯಿತು. ಆಕೆಯ ಪತಿ ಜೆ.ಕೆ. ಲ್ಯಾಸರ್, ಆದಾಯ ತೆರಿಗೆಯ ಕೈಪಿಡಿಯಿಂದ ಅಮೆರಿಕದಲ್ಲಿ ಮನೆಮಾತಾದವರು. ಇನ್ನು ಮುಂದೆ ಕೈ ಹೇಗೆ ಬಳಸಬೇಕು, ಎಂತಹ ಉಡುಪು ತೊಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದಿದ್ದಾಗ ಆಕೆ ತಾನೇ ವ್ಯಾಯಾಮಗಳನ್ನು ರೂಢಿಸಿಕೊಂಡಳು. ಬಳಿಕ ಒಂದು ರಬ್ಬರ್ ಚೆಂಡು, ಒಂದು ಹಗ್ಗ, ಒಂದು ಕಿರುಪುಸ್ತಕ ಹಿಡಿದು, ಅದೇ ಶಸ್ತ್ರಕ್ರಿಯೆಯಾದ ಇತರ ಹೆಂಗಸರ ಹಾಸಿಗೆಯ ಬಳಿಗೆ ಹೋಗತೊಡಗಿದಳು. ಚೆಂಡು ಹಿಸುಕುವುದು ಕೈಯ ಬಲಕ್ಕೆ, ಹಗ್ಗವನ್ನು ಬಾಗಿಲ ಮೇಲಿಂದ ಹಾಯಿಸಿ ಜಗ್ಗುವುದು ಭುಜದ ಬಿಗಿತ ಬಿಡಿಸಲು. ರೋಗಿಯೊಬ್ಬಳು ರೋಗಿಗಳಿಗೆ ಹೇಳಿಕೊಡುವುದು ಕೆಲವು ವೈದ್ಯರಿಗೆ ಹಿಡಿಸಲಿಲ್ಲ. ಆಕೆ ಬಿಡಲಿಲ್ಲ. ರೀಚ್ ಟು ರಿಕವರಿ ಎಂಬ ಈ ಕಾರ್ಯಕ್ರಮವನ್ನು 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ತನ್ನದಾಗಿಸಿಕೊಂಡಿತು. ಆಕೆ ತೀರಿಕೊಂಡದ್ದು 1979ರಲ್ಲಿ.

ಶಸ್ತ್ರಕ್ರಿಯೆಯೂ ಬದಲಾಯಿತು. ಅಮೆರಿಕದ ಬರ್ನಾರ್ಡ್ ಫಿಶರ್ 1971ರಲ್ಲಿ ಆರಂಭಿಸಿದ ಅಧ್ಯಯನ, ಎದೆಯ ಸ್ನಾಯುಗಳನ್ನು ಉಳಿಸಿದರೂ ರೋಗಿಗಳ ಆಯುಷ್ಯ ಕಡಿಮೆಯಾಗುವುದಿಲ್ಲ ಎಂದು ತೋರಿಸಿತು. 25 ವರ್ಷಗಳ ಫಲಿತಾಂಶ 2002ರಲ್ಲಿ ಬಂದಾಗಲೂ ಅದೇ ಉತ್ತರ. ಇಟಲಿಯ ಉಂಬರ್ತೊ ವೆರೊನೇಸಿ ಸಣ್ಣ ಗಡ್ಡೆಗಳಲ್ಲಿ ಸ್ತನವನ್ನೂ ಉಳಿಸಬಹುದೆಂದು 1981ರಲ್ಲಿ ತೋರಿಸಿಕೊಟ್ಟರು. ಈಗ ಆರಂಭದ ಹಂತದಲ್ಲಿ ಬಂದವರಿಗೆ ಕಂಕುಳಿನ ಮೊದಲ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುತ್ತಾರೆ. ಆದರೆ ನಮ್ಮಲ್ಲಿ ಅನೇಕರು ತಡವಾಗಿ ಬರುವುದರಿಂದ ಕಂಕುಳಿನ ಗ್ರಂಥಿಗಳೆಲ್ಲವನ್ನೂ ತೆಗೆಯುವುದು ಇಂದಿಗೂ ಅನಿವಾರ್ಯವಾಗುತ್ತದೆ. ನನ್ನ ಅಕ್ಕನಿಗೆ ಆದದ್ದೂ ಅದೇ.

ಹಾಗಾದರೆ ತೋಳನ್ನು ಮರಳಿ ಪಡೆಯುವುದು ಹೇಗೆ? ದುಬಾರಿ ಯಂತ್ರಗಳೇನೂ ಬೇಕಿಲ್ಲ. ಮೊದಲ ದಿನಗಳಲ್ಲಿ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚಿ ಚಾಚುವುದು, ಭುಜವನ್ನು ಮೆಲ್ಲನೆ ಸುತ್ತಿಸುವುದು. ನೀರಿಳಿಸುವ ನಳಿಗೆ ತೆಗೆಯುವವರೆಗೆ ಕೈಯನ್ನು ಸಾಮಾನ್ಯವಾಗಿ ಭುಜದ ಮಟ್ಟಕ್ಕಿಂತ ಮೇಲೆತ್ತಿಸುವುದಿಲ್ಲ. ನಂತರ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೇಲಕ್ಕೆ ಹತ್ತಿಸುವುದು, ಎರಡೂ ಕೈಯಲ್ಲಿ ಕೋಲು ಹಿಡಿದು ತಲೆಯ ಮೇಲೆತ್ತುವುದು, ಬಾಗಿಲ ಮೇಲಿನ ಹಗ್ಗ ಜಗ್ಗುವುದು. ಬ್ರಿಟನ್ನಿನ 17 ಕೇಂದ್ರಗಳಲ್ಲಿ, ಭುಜದ ತೊಂದರೆಯ ಸಾಧ್ಯತೆ ಹೆಚ್ಚಿದ್ದ 392 ಮಹಿಳೆಯರ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಶಸ್ತ್ರಕ್ರಿಯೆಯಾದ 7ರಿಂದ 10 ದಿನಗಳಲ್ಲೇ ಫಿಸಿಯೊಥೆರಪಿ ತಜ್ಞರ ಮಾರ್ಗದರ್ಶನದಲ್ಲಿ ವ್ಯಾಯಾಮ ಆರಂಭಿಸಿದವರ ತೋಳು, ಒಂದು ವರ್ಷದ ಬಳಿಕ ಉಳಿದವರದ್ದಕ್ಕಿಂತ ಉತ್ತಮವಾಗಿ ಕೆಲಸ ಮಾಡುತ್ತಿತ್ತು. ಖರ್ಚಿಗೆ ಹೋಲಿಸಿದರೆ ಲಾಭವೇ ಹೆಚ್ಚೆಂದೂ ಕಂಡುಬಂತು.

ಆ ಕೈಯಲ್ಲಿ ಎಂದಿಗೂ ಭಾರ ಎತ್ತಬಾರದೆಂಬ ನಂಬಿಕೆಯೂ ಮರುಪರಿಶೀಲನೆಗೆ ಒಳಗಾಗಿದೆ. ಈಗಾಗಲೇ ತೋಳು ಊದಿಕೊಂಡಿದ್ದ 141 ಮಹಿಳೆಯರ ಅಮೆರಿಕದ ಅಧ್ಯಯನವೊಂದು 2009ರಲ್ಲಿ ಹೊರಬಂತು. ಅವರಲ್ಲಿ ಒಂದು ಗುಂಪು ತಜ್ಞರ ನಿಗಾದಲ್ಲಿ ತೀರಾ ಹಗುರದಿಂದ ಆರಂಭಿಸಿ ನಿಧಾನವಾಗಿ ಭಾರ ಹೆಚ್ಚಿಸುತ್ತ ಹೋಯಿತು. ಅವರಲ್ಲಿ ಊತ ಹೆಚ್ಚಲಿಲ್ಲ, ಉಲ್ಬಣಗಳು ಕಡಿಮೆಯಾದವು, ಬಲವೂ ಕೂಡಿತು. ನಾಳೆಯೇ ತುಂಬಿದ ಬಿಂದಿಗೆ ಎತ್ತಬಹುದೆಂದು ಇದರ ಅರ್ಥವಲ್ಲ. ಯಾರು, ಯಾವಾಗ, ಎಷ್ಟು ಎಂಬುದನ್ನು ತಿಳಿದವರೇ ಹೇಳಬೇಕು. ಆದರೆ ಕೈ ಕಟ್ಟಿ ಕುಳಿತುಕೊಳ್ಳುವುದು ಎಚ್ಚರಿಕೆಯಲ್ಲ ಎಂಬುದಂತೂ ಸ್ಪಷ್ಟ.

ಕೊರತೆಯಿರುವುದು ಇದನ್ನು ತಿಳಿಸಿಕೊಡುವ ವ್ಯವಸ್ಥೆಯಲ್ಲಿ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸಂಡೂರಿನ ಹೆಣ್ಣುಮಗಳು ವಾರಕ್ಕೊಮ್ಮೆ ವ್ಯಾಯಾಮ ಕಲಿಯಲು ಅಲ್ಲಿಗೆ ಹೋಗಿಬರುವುದು ಆಗದ ಮಾತು. ಬಸ್ ಚಾರ್ಜಿನ ಜತೆಗೆ ದಿನದ ಕೂಲಿಯೂ ಹೋಗುತ್ತದೆ. ಬಿಡುಗಡೆಯ ಚೀಟಿಯ ಜತೆ ಕನ್ನಡದಲ್ಲಿ, ಚಿತ್ರಸಹಿತ ಒಂದು ಹಾಳೆ ಕೊಡುವುದಕ್ಕೆ ಎಷ್ಟು ಹಣ ಬೇಕು? ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಫಿಸಿಯೊಥೆರಪಿ ತಜ್ಞರು ಇವರಿಗೆಂದೇ ಕೂರುವಂತೆ ಮಾಡುವುದು, ಆಶಾ ಕಾರ್ಯಕರ್ತೆಯರಿಗೆ ನಾಲ್ಕು ವ್ಯಾಯಾಮ ಕಲಿಸುವುದು ಅಸಾಧ್ಯವೇನಲ್ಲ. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟು ವಿಜಯನಗರ ಜಿಲ್ಲೆಯಾಯಿತು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಗಡಿ ಯಾವುದೇ ಇರಲಿ, ಎರಡೂ ಜಿಲ್ಲೆಗಳ ಆರೋಗ್ಯ ತಖ್ತೆಗಳಲ್ಲಿ ಒಂದು ಕಲಮು ಹೆಚ್ಚಾಗಲಿ: ಶಸ್ತ್ರಕ್ರಿಯೆಯಾಗಿ ಮೂರು ತಿಂಗಳಿಗೆ ಈ ರೋಗಿಯ ಕೈ ತಲೆಯ ಮೇಲಕ್ಕೆ ಏಳುತ್ತಿದೆಯೇ?

ಹಂಪಿಯ ಉಗ್ರನರಸಿಂಹನನ್ನು ನೋಡಿದವರಿಗೆ ಗೊತ್ತು, ಆತನ ತೊಡೆಯ ಮೇಲಿದ್ದ ಲಕ್ಷ್ಮಿಯ ವಿಗ್ರಹ ಭಗ್ನವಾಗಿ, ಆತನನ್ನು ಬಳಸಿದ್ದ ಆಕೆಯ ಕೈ ಮಾತ್ರ ಉಳಿದಿದೆ. ಮೊನ್ನೆ ಅಕ್ಕನನ್ನು ಕರೆದೊಯ್ದಾಗ ಆಕೆ ಬಹಳ ಹೊತ್ತು ಆ ಕೈಯನ್ನೇ ನೋಡುತ್ತ ನಿಂತಿದ್ದಳು.

ತಡವಾಗಿಯಾದರೂ ಹೊಸಪೇಟೆಯ ಫಿಸಿಯೊಥೆರಪಿ ತಜ್ಞೆಯೊಬ್ಬರ ನೆರವು ಆಕೆಗೆ ಸಿಕ್ಕಿತು. ಭಾವ ನಡುಮನೆಯ ಬಾಗಿಲ ಮೇಲೆ ಮೊಳೆ ಹೊಡೆದು, ಬಾವಿಯ ಹಳೆಯ ರಾಟೆಯನ್ನೇ ಕಟ್ಟಿಕೊಟ್ಟರು. ದಿನಕ್ಕೆರಡು ಸಲ ಹಗ್ಗ ಜಗ್ಗಿ, ಗೋಡೆಯ ಮೇಲೆ ಬೆರಳು ಮುಟ್ಟಿದಲ್ಲಿ ಇದ್ದಿಲಿನಿಂದ ಗೆರೆ ಎಳೆದು, ಏಳು ತಿಂಗಳಲ್ಲಿ ಆಕೆ ಹದಿನಾಲ್ಕು ಗೆರೆ ಮೇಲೇರಿದ್ದಾಳೆ. ಮೊದಲೇ ಶುರುಮಾಡಿದ್ದರೆ ಇಷ್ಟು ನೋವು ತಿನ್ನಬೇಕಾಗಿರಲಿಲ್ಲ. ತೋಳು ಪೂರ್ತಿ ಹಿಂದಿನಂತಾಗಿಲ್ಲ. ನಾಟಿಗೆ ಇಳಿಯುವ ಮಾತನ್ನು ಈಗ ಯಾರೂ ಆಡುವುದಿಲ್ಲ. ಆದರೆ ತುರುಬನ್ನು ತಾನೇ ಕಟ್ಟಿಕೊಳ್ಳುತ್ತಾಳೆ, ದೇವರ ಗೂಡಿನ ದೀಪವನ್ನು ತಾನೇ ಹಚ್ಚುತ್ತಾಳೆ. ಸರ್ಕಾರಿ ನೌಕರಿಯಲ್ಲಿ ನಾನು ಸಹಿ ಮಾಡಿದ ಎಷ್ಟೋ ತಖ್ತೆಗಳಿಗಿಂತ ಆ ಗೋಡೆಯ ಇದ್ದಿಲ ಗೆರೆಗಳು ಹೆಚ್ಚು ನಂಬಿಕೆಗೆ ಅರ್ಹವಾದ ಲೆಕ್ಕವೆಂದು ಈಗ ನನಗೆ ತೋರುತ್ತದೆ.